ಕೋಟು ಇನ್ನೂ ಹಸಿ

ಮುಖ ಮೂರೇ ದಿನಕ್ಕೆ ಒಣಗಿತು.
ಕಂದು ಮಣ್ಣಿನ ಬಣ್ಣವೇ ಹಾಗೆ, ಅದಕ್ಕೆ ಅವಸರ,
ಗಾಳಿ ಸೋಕಿದರೆ ಸಾಕು, ಕೆನೆ ಕಟ್ಟುತ್ತದೆ.
ಕೋಟಿನದು ಬೇರೆ ಕತೆ.
ಸುಟ್ಟ ಎಲುಬಿನ ಕಪ್ಪು, ಸಾಲದ್ದಕ್ಕೆ ನನ್ನ ಜಿಪುಣತನ:
ಅಗಸೆ ಎಣ್ಣೆ ಮುಗಿದಿತ್ತು, ಕುತಾಯಿಸಿಯ ಸಂತೆಯಲ್ಲಿ
ಅಡುಗೆಗೆಂದು ಮಾರುವ ಅಕ್ರೋಟಿನೆಣ್ಣೆ ತಂದು ಬೆರೆಸಿದೆ.
ಇಪ್ಪತ್ತಾರು ದಿನ. ಕಿರುಬೆರಳ ತುದಿ ತಾಗಿಸಿದರೆ
ಇನ್ನೂ ಒಂದೆಳೆ ಪಾಕ.

ರೊಟ್ಟಿಯಂಗಡಿಯ ಜಾಯಿರಾ ದಿನಾ ಕೇಳುತ್ತಾಳೆ:
"ನೆಸ್ತಾನ್, ನಮ್ಮ ಓಮೇರಿ ಮನೆಗೆ ಬರುವುದು ಯಾವಾಗ?"
ಭಾನುವಾರಕ್ಕೆ ಅವನು ಹೋಗಿ ವರ್ಷ.
ಊಟಕ್ಕೆ ನೆಂಟರು ಬರುತ್ತಾರೆ,
ಗೋಡೆಗೆ ಮೊಳೆ ಆಗಲೇ ಹೊಡೆದಾಗಿದೆ.
ಮುಖ ತಯಾರು, ತೋಳು ತಯಾರಿಲ್ಲ ಎನ್ನಲೇ?

ಹೊರಗೆ ರಿಯೋನಿ ಹೊಳೆಯ ಮಂಜು. ಕಿಟಕಿ ಬೆವರುತ್ತದೆ.
ಒಣಗಿಸುವ ದ್ರಾವಣ ಎರಡು ಹನಿ ಮೊದಲೇ ಹಾಕಬೇಕಿತ್ತು;
ಈಗ ಮೇಲೆ ಸವರಿದರೆ ಮೇಲುಪದರ ಬಿಗಿದು,
ಒಳಗಿನ ಹಸಿ ಮಿಸುಕಿ,
ನೀರಾರಿದ ಕೆರೆಯಂಗಳದಂತೆ ಬಿರಿಯುತ್ತದೆ.
ಕೆಳಗೆ ತೆಳು, ಮೇಲೆ ಜಿಡ್ಡು, ಎನ್ನುತ್ತಿದ್ದರು ಕಲಿಸಿದವರು.
ನಾನು ಎಲ್ಲದರಲ್ಲೂ ಉಲ್ಟಾ.

"ಇಲ್ಲಿ ತಾ, ಒಲೆ ಪಕ್ಕ ಇಡು," ಅಂದಳು ಕೊನೆಗೆ.
ಬೇಡವೆಂದೆ. ಹತ್ತಡಿ ದೂರಕ್ಕೆ ಚೌಕಾಸಿಯಾಯಿತು.
ಇಬ್ಬರೂ ಅಂಚು ಹಿಡಿದು ಬೀದಿಯಲ್ಲಿ ನಡೆದೆವು,
ಗಾಯಾಳುವನ್ನು ಆಸ್ಪತ್ರೆಗೆ ಒಯ್ಯುವವರ ಹಾಗೆ.

ನಾಲ್ಕು ದಿನ ಬಿಟ್ಟು ಹೋಗಿ ನೋಡುತ್ತೇನೆ:
ಒಲೆಯ ಕಡೆಗಿದ್ದ ಎಡತೋಳು ಒಣಗಿ ಮಂಕು.
ಬಲತೋಳು ಹಸಿ, ಮಿರಮಿರ,
ಅದರ ತುಂಬ ಹಿಟ್ಟು.
ಬೆಳಗಿನ ಜಾವ ಅವಳು ಕೊಡವಿದ ಚೀಲಗಳ ಧೂಳೆಲ್ಲ
ಕಪ್ಪಿನಲ್ಲಿ ಕೂತಿದೆ, ಏಳುವ ಮನಸ್ಸಿಲ್ಲ.

ಸಿಟ್ಟು ಬಂತು. ಸೂಜಿ ತೆಗೆದೆ.
ಏಳು ಕಣ ಕಿತ್ತೆ, ಏಳು ತೂತು ಬಿತ್ತು.
ಜಾಯಿರಾ ಕೈ ಒರೆಸಿಕೊಂಡು ಬಂದು, ಬಾಗಿ,
ತೋಳಿನ ಮೇಲೆ ಊದಿದಳು, ಫೂ,
ಇನ್ನೊಮ್ಮೆ, ಫೂ.
"ಆಗಲೂ ಹೋಗುತ್ತಿರಲಿಲ್ಲ," ಅಂದಳು.
"ಮದುವೆಮನೆಗೂ ಹೀಗೇ ಹೊರಡುತ್ತಿದ್ದ.
ಬಾಗಿಲಲ್ಲಿ ನಿಲ್ಲಿಸಿ ಊದುತ್ತಿದ್ದೆ."
ಸೂಜಿ ಒಳಗಿಟ್ಟೆ.

ಭಾನುವಾರ ತೂಗುಹಾಕಿ, ಯಾರೂ ಮುಟ್ಟದಿರಲೆಂದು
ಕೆಳಗೊಂದು ಕುರ್ಚಿ ಅಡ್ಡ ಇಟ್ಟೆವು.
ಅವನ ತಮ್ಮ ಗುಗೂಲಿ ವೈನು ಏರಿ, ಕುರ್ಚಿಯನ್ನೂ ಏರಿ,
ಅಣ್ಣನ ಭುಜ ತಟ್ಟಿಬಿಟ್ಟ.
ಆಮೇಲೆ ಸಂಜೆಯಿಡೀ ಕಪ್ಪು ಅಂಗೈಯನ್ನು
ತೊಡೆಯ ಮೇಲೆ ಮೇಲ್ಮುಖವಾಗಿಟ್ಟುಕೊಂಡು ಕೂತಿದ್ದ,
ತೊಳೆಯಲು ಏಳಲಿಲ್ಲ.

ಈಗ ಮಾರ್ಚ್. ರೊಟ್ಟಿಗೆ ಹೋದಾಗಲೆಲ್ಲ
ಕಿರುಬೆರಳು ಚಾಚುತ್ತೇನೆ.
ಕಾಲರಿನ ಮೂಲೆ, ಬಣ್ಣ ದಪ್ಪಗಿರುವ ಕಡೆ,
ಇವತ್ತೂ ಒಂದಿಷ್ಟು ಅಂಟಿತು.
ಹಿಟ್ಟು ನಾದುತ್ತ, ತಲೆಯೆತ್ತದೆ, ಜಾಯಿರಾ ಕೇಳಿದಳು:
"ಇದ್ದಾನಾ?"
ಇದ್ದಾನೆ ಅಂದೆ,
ಬೆರಳನ್ನು ರೊಟ್ಟಿ ಸುತ್ತಿದ ಕಾಗದಕ್ಕೆ ಒರೆಸುತ್ತ.