ಕಾಜಾಗೆ ಆರೂವರೆಯಾದರೆ

ಹಗಲೆಲ್ಲ ಇದು ನಾಯಿಯೇ ಅಲ್ಲ,
ಮಷೀನಿನ ಅಡಿ ಬಿದ್ದ ಇನ್ನೊಂದು ಚಿಂದಿ.
ಕೌಲ್ ಬಜಾರಿನ ತಗಡಿನ ಸೂರು
ಕಾದು ಟಿಕ್ ಟಿಕ್ ಅನ್ನುವಾಗ
ಪೆಡಲಿನ ಪಕ್ಕ ಹೊಟ್ಟೆ ಮೇಲಾಗಿ ಮಲಗಿ
ನನ್ನ ಹಿಮ್ಮಡಿಗೆ ಉಸಿರು ಬಿಡುತ್ತಿರುತ್ತದೆ.

ಪಂಪಾಪತಿ ಲಾರಿಯಡಿಯಿಂದ ತಂದ ದಿನ
ಕಾಜಾ ಕತ್ತರಿಸಿದಷ್ಟೇ ತೆರೆದಿದ್ದವು ಕಣ್ಣು.
ಅದೇ ಹೆಸರು ನಿಂತಿತು.
ವಾಷಿಂಗ್ ಯೂನಿಟ್ಟಿನ ಮೋರಿ ತುಳಿದು ತುಳಿದು
ನಾಲ್ಕೂ ಪಾದ ಈಗ ನೀಲಿ.

ಗುಡ್ಡದ ಬಂಡೆ ಹಗಲು ಕುಡಿದ ಬಿಸಿಲನ್ನು
ಊರಿನ ಮೇಲೆ ವಾಪಸು ಉಸಿರುವ ಹೊತ್ತಿಗೆ,
ಬೀದಿದೀಪ ಒಂದು ಹತ್ತಿ ಇನ್ನೊಂದು ಯೋಚಿಸುತ್ತಿರುವಾಗ,
ಇದರ ಮೈಯೊಳಗೆ ಯಾರೋ ಸ್ವಿಚ್ಚು ಒತ್ತುತ್ತಾರೆ.

ಬಾಗಿಲಿಂದ ಬಚ್ಚಲಿಗೆ, ಬಚ್ಚಲಿಂದ ಬಾಗಿಲಿಗೆ,
ನಡುವೆ ಸಿಕ್ಕ ಕೊಡ ಉರುಳಿ,
ಬಾಲ ಒಳಗೆ, ಕಿವಿ ಹಿಂದಕ್ಕೆ,
ತನ್ನನ್ನು ತಾನೇ ಅಟ್ಟಿಸಿಕೊಂಡು ಹೋಗುವ ಓಟ.
ಹೊಲಿದಿಟ್ಟ ಪ್ಯಾಂಟೊಂದರ ಕಾಲು ಹಿಡಿದು
ಹಾವನ್ನು ಕೊಲ್ಲುವ ಹಾಗೆ ಒದರುತ್ತದೆ.
ಮೂವತ್ತೆರಡು ಸೈಜು. ಎಂಟಕ್ಕೆ ಡೆಲಿವರಿ.
ನನ್ನ ಸೀರೆಯ ನೆರಿಗೆ, ಹುಡುಗನ ಮೀನಖಂಡ,
ಅವರಪ್ಪನ ಬನಿಯನ್ನಿನ ತುದಿ.
ಇಪ್ಪತ್ತು ವರ್ಷದಲ್ಲಿ ಮಷೀನಿನ ಸೂಜಿಯೂ
ನನ್ನನ್ನು ಇಷ್ಟು ಚುಚ್ಚಿಲ್ಲ.

ಬೈದೆ. ಬೈಗುಳವೂ ಆಟ ಅಂದುಕೊಂಡಿತು.
ಸ್ಕೇಲು ಎತ್ತಿದೆ. ಸ್ಕೇಲನ್ನೇ ಕಚ್ಚಿತು.
ಒಂದು ದಿನ ಮೂಗಿನ ಮೇಲೆ ಏಟು ಹಾಕಿದೆ.
ಮಂಚದಡಿ ಸೇರಿ ಅಲ್ಲಿಂದ ನೋಡಿತು.
ಆ ರಾತ್ರಿ ನಾಲ್ಕು ಜಿಪ್ಪು ತಿರುವುಮುರುವು ಹೊಲಿದೆ.

ದಣಿಯಲಿ ಅಂತ ಹೊನ್ನೂರಪ್ಪ
ರೈಲ್ವೆ ಗೇಟಿನ ತನಕ ಓಡಿಸಿಕೊಂಡು ಹೋದ.
ಬಂದಾಗ ದಣಿದವನು ಅವನೊಬ್ಬನೇ.

ಗೋಡೆಯಾಚೆಯ ಮಾಬುನ್ನಿ ಚಿಕ್ಕಮ್ಮ,
ಆರು ಹೆತ್ತು ಹದಿನಾಲ್ಕು ಆಡಿಸಿದವಳು,
ದಾರ ಕತ್ತರಿಸುವ ಕತ್ತರಿ ಬೆರಳಲ್ಲೇ ಇಟ್ಟುಕೊಂಡು
ಹೊಸ್ತಿಲಲ್ಲಿ ನಿಂತು ನಕ್ಕಳು:
“ಅದು ಸೊಕ್ಕಲ್ಲ ಮಾರೆಕ್ಕ, ನಿದ್ದೆ.
ನಿದ್ದೆ ಬಂದೈತೆ ಅಂತ ಅದಕ್ಕೇ ಗೊತ್ತಿಲ್ಲ.
ಕಣ್ಣು ಉಜ್ಜಿಕೋತ ಕೂಸು ಹಟ ಮಾಡಲ್ವಾ, ಹಂಗೆ.
ನೀ ಕುಣಿದ್ರೆ ಅದೂ ಕುಣಿತೈತೆ.
ನೀ ಮೊದ್ಲು ಕುಂದ್ರು.”

ಕೂಡುವುದು!
ಮಷೀನಿನ ಮುಂದೆ ಕೂತದ್ದು ಕೂತದ್ದಲ್ಲ,
ಕಾಲು ಊರೂರು ತಿರುಗುತ್ತಿರುತ್ತದೆ.

ಆದರೂ ಮೋಟರು ಆರಿಸಿದೆ.
ಗೋಡೆಗೆ ಬೆನ್ನು ಕೊಟ್ಟು, ಕೈ ಕಂಕುಳಲ್ಲಿ ಬಚ್ಚಿಟ್ಟು
ನೆಲದ ಮೇಲೆ ಕೂತೆ.
ನೆರಿಗೆ ಎಳೆಯಿತು. ನಾನು ಎಳೆಯಲಿಲ್ಲ.
ಬೊಗಳಿತು. ಮುಖ ಆಚೆ ತಿರುಗಿಸಿದೆ.
ಎಳೆಯಲು ಯಾರೂ ಇಲ್ಲದ ಸೀರೆ
ಬರೀ ಬಟ್ಟೆ. ಬಿಟ್ಟಿತು.

ಗುಂಡಿ, ರಿವೆಟ್ಟು ಇಲ್ಲದ ತುಂಡೊಂದು ಹುಡುಕಿ
ಗಂಟು ಹಾಕಿ, ಮಡಕೆಯ ನೀರಲ್ಲಿ ಅದ್ದಿ ಕೊಟ್ಟೆ.
ತಣ್ಣನೆಯ ಜೀನ್ಸು ಒಸಡಿಗೆ ಹಿತವೇನೋ,
ಕಣ್ಣು ಅರೆಮುಚ್ಚಿ ಅಗಿಯಿತು.
ಆಮೇಲೆ ಹಳೇ ಗೋಣಿಯ ಮಡಿಕೆಗಳಲ್ಲಿ
ಒಂದು ಹಿಡಿ ಮಂಡಕ್ಕಿ ಚೆಲ್ಲಿದೆ.
ಅಷ್ಟು ಓಡಿದ ಕಾಲುಗಳೆಲ್ಲ ನಿಂತು
ಮೂಗೊಂದೇ ನಡೆಯತೊಡಗಿತು,
ಸುರ್‌ಸುರ್, ಒಂದೊಂದೇ ಕಾಳಿಗೆ.

ಮೂರು ಸುತ್ತು ಸುತ್ತಿ, ನಾಲ್ಕನೆಯದು ಅರ್ಧಕ್ಕೆ ಬಿಟ್ಟು
ಗೋಣಿಯ ಮೇಲೆ ದೊಪ್ಪನೆ ಬಿತ್ತು.
ಪಂಪಾಪತಿ ಪಿಸುಗುಟ್ಟಿದ: “ಕರೆಂಟ್ ಹೋಯ್ತು.”

ಹಾಗಂತ ಎಲ್ಲ ಸರಿಹೋಗಿಲ್ಲ.
ಮಾರನೆಯ ದಿನ ಆರೂವರೆಗೆ ಕೊಡ ಮತ್ತೆ ಉರುಳಿತು,
ಮೊನ್ನೆ ಮಂಡಕ್ಕಿಯ ಜೊತೆ ಗೋಣಿಯನ್ನೂ ತಿಂದಿತು.
ಈಗ ಆರಕ್ಕೇ ಮೋಟರು ಆರಿಸುತ್ತೇನೆ,
ಕಣ್ಣಿನ ಅಂಚು ಕೆಂಪಾಗುವ ಮೊದಲೇ.
ದಿನಕ್ಕೆ ಏಳು ಪ್ಯಾಂಟು ಕಮ್ಮಿ.
ಮಾಲೀಕ ಕೇಳಿದರೆ ದಾರ ಕಡೀತು ಅನ್ನುತ್ತೇನೆ.

ನಿನ್ನೆ ಬೆಳಿಗ್ಗೆ ಚಹಾ ಹೀರುತ್ತ ಹೊನ್ನೂರಪ್ಪ ಅಂದ:
“ರಾತ್ರಿ ನಾಯಿ ನಿದ್ದೆಯಲ್ಲಿ ಕಾಲು ಆಡಿಸ್ತಿತ್ತು.
ನೀನೂ ಆಡಿಸ್ತಿದ್ದೆ, ಬಲಗಾಲು.
ನಾನು ಇಬ್ಬರನ್ನೂ ಎಬ್ಬಿಸಲಿಲ್ಲ.”