ಇಪ್ಪತ್ತೇಳು ನಿಮಿಷ

ನವೆಂಬರಿನ ಮೊದಲ ಶುಕ್ರವಾರ ಅವೈರೊ ಊರಲ್ಲಿ,
ಕಾಲುವೆಯ ಮಗ್ಗುಲ ಹಳೇ ಚಿತ್ರಮಂದಿರಕ್ಕೆ
ಜನ ಜೇಬಲ್ಲಿ ಉಪ್ಪು ತುಂಬಿಕೊಂಡು ಬರುತ್ತಾರೆ.
ನಾನು ಬೆಲ್ಮಿರೊ. ಮೇಲಿನ ಗೂಡಿನಲ್ಲಿ ಕೂತು
ಮೂವತ್ತೆಂಟು ವರ್ಷದಿಂದ ಅದೇ ಚಿತ್ರ ಬಿಡುತ್ತಿದ್ದೇನೆ.

ಬಿಡುಗಡೆಯಾದಾಗ ಓಡಿದ್ದು ಒಂದೇ ವಾರ.
ಒಂದು ಮ್ಯಾಟಿನಿಗೆ ಮೂವರಿದ್ದರು,
ಅವರಲ್ಲೊಬ್ಬ ನಿದ್ದೆಗೆಂದೇ ಬಂದವ.
ಆಮೇಲೆ ಅದೇನಾಯಿತೋ,
ವಿದ್ಯಾರ್ಥಿಗಳು ಬಂದರು, ಅವರ ಹಿಂದೆ ಕವಿಗಳು,
ಕವಿಗಳ ಹಿಂದೆ ಅವರ ಸಾಲಗಾರರು.
ಹೀಗೆ ಒಂದು ಮತ ಹುಟ್ಟಿತು.

ಕಥೆ ಇಷ್ಟೇ: ಉಪ್ಪಿನ ಗದ್ದೆಯ ಕಾವಲುಗಾರ,
ಒಂದು ಲಾಟೀನು, ಒಂದು ರಾತ್ರಿ.
ಕೊನೆಗೆ ಗುಡಿಸಲ ಬಾಗಿಲು ನೂಕಿ, ದೀಪ ಎತ್ತಿ,
'ಇಲ್ಲಿ ಯಾರೂ ಇಲ್ಲ' ಎನ್ನುತ್ತಾನೆ.
ಕತ್ತಲೆ. ಮುಗಿಯಿತು.

ಆ ಮಾತನ್ನು ಮುನ್ನೂರು ಬಾಯಿ ಒಟ್ಟಿಗೆ ಹೇಳುತ್ತವೆ,
ಹೇಳಿ, ಪರದೆಯತ್ತ ಹಿಡಿ ಹಿಡಿ ಉಪ್ಪು ಎರಚುತ್ತಾರೆ.
ಮುಂಗೈಗೆ ಅದರ ಹಚ್ಚೆ ಹಾಕಿಸಿಕೊಂಡವರಿದ್ದಾರೆ.
ವಿಮರ್ಶಕ ಎವರಿಸ್ತೊ ಪಿಮೆಂತೆಲ್
ಅದರ ಮೇಲೆ ದಪ್ಪ ಪುಸ್ತಕವನ್ನೇ ಬರೆದ:
ದೇವರಿಲ್ಲದ ಲೋಕ, ಖಾಲಿ ದೇಶ, ಖಾಲಿ ಮನುಷ್ಯ, ಇತ್ಯಾದಿ.
ದೋಣಿಗಳಿಗೆ ಬಣ್ಣ ಬಳಿಯುವ ಜೆಫೆರಿನೊ
ಹೆಂಡತಿ ತೀರಿಕೊಂಡ ಮೇಲೆ ಅದೊಂದನ್ನು ಕೂಗಲೆಂದೇ ಬರುತ್ತಿದ್ದ.
ಉಳಿದ ದಿನ ಬಾಯಿ ಬಿಡುವವನಲ್ಲ.

ಈ ವರ್ಷ ಲಿಸ್ಬನ್ನಿನ ಲ್ಯಾಬಿನಲ್ಲಿ ತುಕ್ಕು ಹಿಡಿದ ಡಬ್ಬಿ ಸಿಕ್ಕಿತು,
ನಿರ್ಮಾಪಕ ಕತ್ತರಿಸಿ ಬಿಸಾಡಿದ್ದ ಇಪ್ಪತ್ತೇಳು ನಿಮಿಷ.
'ಸಂಪೂರ್ಣ ಆವೃತ್ತಿ' ಅಂತ ಪೋಸ್ಟರು.
ಟಿಕೆಟ್ಟಿಗೆ ಎರಡು ಯೂರೊ ಜಾಸ್ತಿ.

ಮೊದಮೊದಲು ಎಲ್ಲ ಸರಿಯಿತ್ತು.
ಕಾಣದ ದೃಶ್ಯ ಬಂದಾಗ ಬಾಯಿಪಾಠದವರು
ಪ್ರಾರ್ಥನೆ ಮರೆತ ಪಾದ್ರಿಗಳ ಹಾಗೆ ಬರೀ ತುಟಿ ಅಲ್ಲಾಡಿಸಿದರು.
ಕಾವಲುಗಾರ ಬೂಟಿನ ದಾರ ಕಟ್ಟಿದ, ಬಿಚ್ಚಿದ, ಮತ್ತೆ ಕಟ್ಟಿದ.
ಯಾರೋ ಆಕಳಿಸಿದರು. ನಾನೇ ಇರಬೇಕು.

ಕೊನೆಗೆ ಬಾಗಿಲು. ಲಾಟೀನು. ಮುನ್ನೂರು ಬಾಯಿ:
'ಇಲ್ಲಿ ಯಾರೂ ಇಲ್ಲ!'
ಉಪ್ಪು ಇನ್ನೂ ಗಾಳಿಯಲ್ಲಿತ್ತು,
ಪರದೆ ಕಪ್ಪಾಗಲಿಲ್ಲ.
ಕ್ಯಾಮೆರಾ ಮೆಲ್ಲಗೆ ಎಡಕ್ಕೆ ಹೊರಳಿತು.
ಮೂಲೆಯಲ್ಲೊಬ್ಬಳು, ಬಕೆಟ್ಟಿನ ಪಕ್ಕ,
ಒದ್ದೆ ಕಾಲುಚೀಲ ಹಿಂಡುತ್ತಾ,
ಹಿಂಡುತ್ತಾ,
ತಲೆ ಎತ್ತದೆ ಅಂದಳು:
'ನಾನಿದ್ದೇನಲ್ಲ.'

ಉಪ್ಪಿನ ಹರಳು ಕುರ್ಚಿಗಳ ಮೇಲೆ ಉದುರುವ ಸದ್ದು
ಗೂಡಿನವರೆಗೆ ಕೇಳಿದ್ದು ಅದೇ ಮೊದಲು.

ಆಮೇಲೆ ಶಿಳ್ಳೆ, ಬೈಗುಳ, ದುಡ್ಡು ವಾಪಸು ಕೊಡಿ.
ಪಿಮೆಂತೆಲ್ ಭಾನುವಾರದ ಪತ್ರಿಕೆಯಲ್ಲಿ ಬರೆದ:
'ತೆರೆದಿಟ್ಟ ಬಾಗಿಲಿಗೆ ಹೆಣ್ಣೊಬ್ಬಳನ್ನು ಅಡ್ಡ ಕೂರಿಸಿದ್ದಾರೆ.'
ಹಚ್ಚೆಯ ಹುಡುಗನೊಬ್ಬ ಅಂಗಿಯ ತೋಳು ಕೆಳಗೆಳೆದುಕೊಂಡ.
ಪೋರ್ತೊದಿಂದ ಬಂದಿದ್ದ ಉಪನ್ಯಾಸಕಿ ಬ್ರಿಜೀದ ಮಾತ್ರ
'ಇಷ್ಟು ವರ್ಷ ನಾವು ನೋಡಿದ್ದು ಬರೀ ಟ್ರೈಲರು' ಅಂದು
ಮೆಟ್ಟಿಲ ಮೇಲೆ ಮೂವರೊಡನೆ ಜಗಳಕ್ಕೆ ನಿಂತಳು.
ಜೆಫೆರಿನೊ ಏನೂ ಹೇಳಲಿಲ್ಲ. ಎದ್ದು ಹೋಗಲೂ ಇಲ್ಲ.
ದೀಪ ಹಾಕಿದ ಮೇಲೂ ಟೋಪಿ ಮಂಡಿಯ ಮೇಲಿಟ್ಟುಕೊಂಡು ಕೂತಿದ್ದ.

ಹನ್ನೊಂದನೇ ಸಾಲಿನಲ್ಲಿ ಅದೋಸಿಂದ.
ಪಿಂಗಾಣಿ ಕಾರ್ಖಾನೆಯಲ್ಲಿ ತಟ್ಟೆಗಳಿಗೆ
ನೀಲಿ ಅಂಚು ಬರೆದೂ ಬರೆದೂ ನಿವೃತ್ತಳಾದವಳು.
ಪ್ರತಿ ವರ್ಷ ಟಿಕೆಟ್ಟು ಕೊಂಡೇ ಬರುತ್ತಿದ್ದಳು,
ಎಲ್ಲರ ಜೊತೆ ತಾನೂ ಕೂಗುತ್ತಿದ್ದಳು:
ಇಲ್ಲಿ ಯಾರೂ ಇಲ್ಲ.
ಆ ಮೂಲೆಯವಳು ಇವಳೇ ಅಂತ ನನಗೂ ಗೊತ್ತಿರಲಿಲ್ಲ.

ಗುಡಿಸುವ ಹೊತ್ತಿಗೆ ಕೇಳಿದೆ, ಹೇಗನ್ನಿಸಿತು?
ಕೋಟಿನ ಮಡಿಕೆಯ ಉಪ್ಪು ಕೊಡವುತ್ತಾ ಅಂದಳು:
'ಕಾಲುಚೀಲ ಹಿಂಡಿದ್ದು ಬಹಳ ಉದ್ದವಾಯಿತು ಕಣಪ್ಪ.
ನಾನಾಗಿದ್ದರೂ ಕತ್ತರಿಸುತ್ತಿದ್ದೆ.
ಮಾತೊಂದನ್ನು ಉಳಿಸಿಕೊಳ್ಳಬಹುದಿತ್ತು.'

ಮರುವಾರ ಜನರ ಒತ್ತಾಯಕ್ಕೆ ಹಳೆಯದನ್ನೇ ಬಿಟ್ಟೆ.
ಬಾಗಿಲು, ಲಾಟೀನು, ಮುನ್ನೂರು ಬಾಯಿ, ಉಪ್ಪು, ಕತ್ತಲೆ.
ಯಾರೂ ಏಳಲಿಲ್ಲ.
ಹೊರಬಾಗಿಲ ಹಸಿರು ದೀಪದಲ್ಲಿ ಕಂಡೆ,
ಎಲ್ಲರ ಕತ್ತೂ ತುಸು ಎಡಕ್ಕೆ ಹೊರಳಿತ್ತು.
ಸ್ವಿಚ್ಚಿಗೆ ಚಾಚಿದ ಕೈಯನ್ನು
ಇನ್ನೊಂದಿಷ್ಟು ಹೊತ್ತು ತಡೆದೆ.