ಎಡಗಡೆ ಇರ್ತದೆ

ಸ್ಟೇಟ್‌ಬ್ಯಾಂಕಿನಲ್ಲಿ ಬಸ್ಸಿಳಿದು ಬಂದರಿಗೆ ನಡೆದೆ.
ದಾರಿಯುದ್ದ ಒಣಮೆಣಸಿನ ಘಾಟು, ಎರಡು ಸೀನು.
ಚೆಯ್ಯಬ್ಬಾಕನ ಆಫೀಸು ಮಹಡಿಯ ಮೇಲೆ.
ಮೆಟ್ಟಿಲಿನ ಪಕ್ಕ ಹಿಡಿದು ಹತ್ತಲಿಕ್ಕೆ
ಮಂಜಿಯದೊಂದು ಹಳೇ ಹಗ್ಗ.

“ಎಂತ ಹಿಲ್ಡಾ ಬಾಯಿ, ಮೂರು ದಿನ ಆಯ್ತು.
ಲೋಡಿನ ಲೆಕ್ಕ ತೆರೀತೇನೆ, ಕೆಳಗೆ ಪಟ್ಟಿಯಲ್ಲಿ ಹೆಸರು ಬರ್ತದೆ,
ಮೇಲೆ ಎಂತದೂ ಇಲ್ಲ.
ನಿನ್ನೆ ಆಂದ್ರೋತ್ತಿಗೆ ಹೋದದ್ದರಲ್ಲಿ
ಸಿಮೆಂಟು ಎಷ್ಟು, ಬಾಳೆಗೊನೆ ಎಷ್ಟು, ಆಡು ಎಷ್ಟು
ಎಲ್ಲ ಸಿಗರೇಟು ಪ್ಯಾಕಿನ ಹಿಂದೆ ಉಂಟು.”

ಕೂತೆ. ಗುಂಡಿ ಒತ್ತಿದ್ದೇ ತಡ
ಕರೆಯದ ಹನ್ನೊಂದು ಮಂದಿ ಎದ್ದು ಬಂದರು:
ಎಂದೋ ಮಾರಿದ ಪ್ರಿಂಟರಿನ ಸಹಾಯಕ,
ದಿಲ್ಲಿಯ ಹವಾಮಾನ ಹೇಳುವವ,
ನನ್ನನ್ನು ನವೀಕರಿಸಿ ಎಂದು ಗೋಗರೆಯುವವ,
ಎಲ್ಲರ ತಲೆಯ ಮೇಲೆ ಒಂದು ಕ್ಯಾಲ್ಕುಲೇಟರು.
ಏನು ತೆರೆದರೂ ನಟ್ಟನಡುವೆ ಅದರದೇ ಸೊನ್ನೆ.
“ಅದನ್ನು ಮೇಲೆ ಕೂರಿಸಿದ್ದು ನಾನೇ.
ಇಳಿಸಲಿಕ್ಕೆ ಗೊತ್ತಾಗ್ಲಿಲ್ಲ.”

ಒಬ್ಬೊಬ್ಬರನ್ನೇ ಎಬ್ಬಿಸಿ ಕಳಿಸಿದೆ,
ನಾಳೆಯಿಂದ ಕರೆದರಷ್ಟೇ ಬನ್ನಿ ಎಂದು.
ಜಾಗ ಬಿಡುವಾದ ಮೇಲೆ ಕೆಲಸಗಳ ಪಟ್ಟಿ ನೋಡಿದರೆ
ಲೋಡಿನ ಲೆಕ್ಕ ಅಲ್ಲೇ ಇದೆ, ಆರಾಮವಾಗಿ.
ಅದರ ಮುಂದೆ ಒಂದೇ ಮಾತು:
ಓಡುತ್ತಿದೆ.

ಹಳೇ ಪ್ರೋಗ್ರಾಮು. ಬರೆದುಕೊಟ್ಟ ಹುಡುಗನ ಅಂಗಡಿ
ಈಗ ಚಪ್ಪಲಿ ಅಂಗಡಿ.
ಹಳಬರಿಗೆ ಹೇಳುವ ಹಾಗೆಯೇ ಹೇಳಿದೆ:
ಇದು ಹೊಸ ಯಂತ್ರ ಅಂತ ಹೆದರಬೇಡ,
ನಿನ್ನ ಕಾಲದ್ದೇ ಅಂದುಕೋ.
ಬಣ್ಣ ತಗ್ಗಿಸಿದೆ. ಅಕ್ಷರ ಹಿಗ್ಗದಂತೆ ತಡೆದೆ.
ಯಜಮಾನನಾಗಿ ಓಡು ಅಂದೆ.
ಓಡಿತು.
ಕಾಣಲಿಲ್ಲ.

ಕೊನೆಗೆ ಕಾರ್ಕಳಕ್ಕೆ ಫೋನು. ವಾಮನ ಕಿಣಿ,
ಹತ್ತೊಂಬತ್ತು ವರ್ಷ ಇದೇ ಕುರ್ಚಿಯಲ್ಲಿ ಲೆಕ್ಕ ಬರೆದು
ಮೊಣಕಾಲಿಗೆ ಈ ಮೆಟ್ಟಿಲು ಸಾಕಾಗಿ ಬಿಟ್ಟವರು.
ಬಾಯಲ್ಲಿ ಏನನ್ನೋ ಅಗಿಯುತ್ತಲೇ ಅಂದರು:
“ಎಡಗಡೆ ಇರ್ತದೆ ನೋಡಿ.
ನಾನು ಯಾವಾಗ್ಲೂ ಅಲ್ಲೇ ಇಡುದು.”

ಎಡಗಡೆ ನೋಡಿದೆ.
ಎಡಗಡೆಯ ಮಾನಿಟರು
ಉಪ್ಪುಗಾಳಿಗೆ ತುಕ್ಕು ತಿಂದು ಮೇ ತಿಂಗಳಲ್ಲೇ ಗುಜರಿಗೆ ಹೋಗಿದೆ.
ಮಳೆಗಾಲ ಪೂರ್ತಿ ಮಂಜಿಗಳು ದಕ್ಕೆಯಲ್ಲಿ,
ಲೆಕ್ಕ ಬೇಕಾದವರು ಯಾರೂ ಇರಲಿಲ್ಲ.
ಮೇಜಿನ ಮೇಲೆ ಅದರ ಪಾದದ ಚೌಕ ಗುರುತು,
ಗುರುತಿನೊಳಗೆ ನೀರಿನ ಹೂಜಿ.
ಆ ಹೂಜಿಯ ಎತ್ತರದಲ್ಲೆಲ್ಲೋ, ಬರೀ ಗಾಳಿಯಲ್ಲಿ
ಮೂರು ದಿನದಿಂದ ತೆರೆದೇ ಇತ್ತು
ಒಂದು ಕಿಟಕಿ.

ವಿಷಯ ಹೇಳಿದೆ. ಚೆಯ್ಯಬ್ಬಾಕ ಆಶ್ಚರ್ಯಪಡಲಿಲ್ಲ.
“ಅಳಿವೆ ದಾಟಿದ್ದು ಕಾಣುದಿಲ್ಲ ಅಲ್ವಾ.
ಎಳೀಲಿಕ್ಕೆ ಹಗ್ಗ ಉಂಟಾ?”

ಉಂಟು.
ಆಲ್ಟ್ ಒತ್ತಿ ಹಿಡಿದು ಸ್ಪೇಸು. ಆಮೇಲೆ ಎಂ.
ಬಲಕ್ಕೆ ಬಾಣ, ಒಂದೇ ಸಲ.
ಇನ್ನು ಮೌಸು ಹೋದ ಕಡೆ ಅದೂ ಬರಬೇಕು.

ಮೊದಲು ಬಂದದ್ದು ಮುಚ್ಚುವ ಗುಣಾಕಾರದ ಗುರುತು.
ಹಿಂದೆಯೇ ಕೊನೆಯ ಕಾಲಮ್ಮು, ಷರಾ,
ಕಿಣಿಯವರು ಮೇ ತಿಂಗಳಲ್ಲಿ ಬರೆದದ್ದು:
‘ಆಡು ಹನ್ನೆರಡು ಹತ್ತಿದವು, ಹದಿಮೂರು ಇಳಿದವು.
ಮರಿಗೆ ಬಾಡಿಗೆ ಹಾಕಿಲ್ಲ.’
ಆಮೇಲೆ ತೂಕ, ದರ, ಮಂಜಿಯ ಹೆಸರು,
ತಾರೀಕು ಎಲ್ಲಕ್ಕಿಂತ ಕೊನೆಗೆ.

“ಮುಚ್ಚುವಾಗ ಎಲ್ಲಿ ಬಿಡ್ತೇನೋ
ನಾಳೆ ಅಲ್ಲೇ ತೆರೆಯುದಾ?”
ಹೌದು ಅಂದೆ.
ಚೆಯ್ಯಬ್ಬಾಕ ಮೌಸು ಹಿಡಿದು
ಅಂಗೈಯಗಲ ಇನ್ನೂ ಬಲಕ್ಕೆ ತಂದರು,
ಅಲ್ಲಿ ಬಿಟ್ಟರು, ಹೂಜಿಯನ್ನೊಮ್ಮೆ ನೋಡಿದರು,
ಸಿಗರೇಟು ಪ್ಯಾಕು ಮಗುಚಿದರು.

“ಒಂದು ಉಪಕಾರ. ಆ ಕ್ಯಾಲ್ಕುಲೇಟರನ್ನು
ಪುನಃ ಮೇಲೆ ಕೂರಿಸಿ ಕೊಡಿ.
ಸಣ್ಣಕ್ಕೆ. ಮೂಲೆಯಲ್ಲಿ.”